ಶಶಿರೇಖಾಳ ಕೈಮಾ ಉಂಡೆ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಹಿಡಿ ಮಸಾಲೆ. ಬೆಳಗ್ಗೆ ಯಲಹಂಕ ಹಳೇ ಊರಿನ ತನ್ನ ಅಡುಗೆಮನೆಯಲ್ಲಿ ಶಶಿರೇಖಾ ಚಕ್ಕೆ, ಲವಂಗ, ಗಸಗಸೆ, ಧನಿಯ ಹುರಿದು, ಬೆಳ್ಳುಳ್ಳಿ ಸೇರಿಸಿ ರುಬ್ಬಿ ಎಣ್ಣೆಗೆ ಹಾಕಿದಳು. ಬೇರೆ ದಿನವಾಗಿದ್ದರೆ ಆ ವಾಸನೆ ಅಕ್ಕಪಕ್ಕದ ಮನೆಗಳ ವಾಸನೆಯೊಳಗೆ ಬೆರೆತು ಹೋಗುತ್ತಿತ್ತು. ಆದರೆ ಅದು ವಿಮಾನ ಪ್ರದರ್ಶನದ ವಾರ. ಮಾಂಸದ ಆಸೆಗೆ ಬರುವ ಹದ್ದುಗಳು ವಿಮಾನಕ್ಕೆ ಬಡಿದಾವೆಂದು ಸುತ್ತಮುತ್ತ ಮಾಂಸ ಮಾರುವುದು, ಹೋಟೆಲಿನಲ್ಲಿ ಬಡಿಸುವುದು ನಿಷೇಧವಾಗಿ, ಮಾಂಸದಂಗಡಿಗಳಿಗೆಲ್ಲ ಬೀಗ ಬಿದ್ದಿತ್ತು. ಸೊಪ್ಪುಸಾರು ಉಂಡು ಉಂಡು ಇಡೀ ಬೀದಿ ಮುಖ ಸಪ್ಪೆ ಮಾಡಿಕೊಂಡು ಕೂತಿತ್ತು.

ಶಶಿರೇಖಾ ಒಬ್ಬಳೇ ನಡೆಸುತ್ತಿದ್ದದ್ದು ಮೂರು ಕೋಣೆಗಳ ಒಂದು ತಂಗುಮನೆ. ರಾತ್ರಿ ಹಾಸಿಗೆ, ಬೆಳಗ್ಗೆ ತಿಂಡಿ. ಗೇಟಿನ ಬೋರ್ಡಿನ ಮೇಲೆ ದೊಡ್ಡದಾಗಿ 'ವೀಗನ್' ಎಂದು ಬರೆಸಿದ್ದಳು. ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನು ಯಾವುದೂ ಆ ಹೊಸಿಲು ದಾಟುವಂತಿರಲಿಲ್ಲ. ದುಪ್ಪಟಿ ಒಗೆಯುವವಳೂ ಅವಳೇ, ಬಚ್ಚಲು ತಿಕ್ಕುವವಳೂ ಅವಳೇ, ಫೋನು ಬಂದರೆ ದನಿ ಬದಲಿಸಿ "ರಿಸೆಪ್ಷನ್" ಎನ್ನುವವಳೂ ಅವಳೇ. ಕುರಿ ಕೋಳಿ ತಿಂದು ಬೆಳೆದ ಮನೆಯವಳು ಇದನ್ನೆಲ್ಲ ಯಾಕೆ ಬಿಟ್ಟಳೆಂದು ಬೀದಿಗೆ ಬೀದಿಯೇ ತಲೆ ಕೆಡಿಸಿಕೊಂಡಿತ್ತು. ಕೇಳಿದವರಿಗೆಲ್ಲ ಅವಳ ಉತ್ತರ ಒಂದೇ: "ನನ್ನಿಷ್ಟ."

ಕುರಿಯನ್ನು ಬಿಟ್ಟರೂ ಅಮ್ಮನ ಕೈರುಚಿಯನ್ನು ಬಿಡಲು ಅವಳು ತಯಾರಿರಲಿಲ್ಲ. ಅದಕ್ಕೇ ಎಳೆ ಹಲಸಿನಕಾಯಿ ಬೇಯಿಸಿ, ಕುಟ್ಟಿ, ಹುರಿಗಡಲೆ ಪುಡಿ ಕಲಸಿ, ಅಮ್ಮ ಕೊಚ್ಚಿದ ಮಾಂಸದಲ್ಲಿ ಮಾಡುತ್ತಿದ್ದ ಕೈಮಾ ಉಂಡೆ ಸಾರನ್ನು ಹಾಗೆಯೇ ಇಳಿಸುತ್ತಿದ್ದಳು. ಅಂದು ಆ ಉಂಡೆಗಳ ಮೇಲೆಯೇ ಮನೆ ನಿಂತಿತ್ತು. "ಈ ತಿಂಗ್ಳು ನೋಡ್ತೀನಿ ಶಶಿ. ರೂಮು ತುಂಬ್ಲಿಲ್ಲ ಅಂದ್ರೆ ಹುಡುಗರ ಪಿಜಿಗೆ ಕೊಟ್ಬಿಡೋಣ" ಎಂದು, ಮನೆಯಲ್ಲಿ ಅರ್ಧ ಪಾಲಿದ್ದ ಅಣ್ಣ ಶಿವರಾಮ್ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಮೈಸೂರಿನ ವೀಗನ್ ಬಳಗದ ಶಾಂತಲಾ ಮನೆ ನೋಡಿ ಹೋಗಲು ಬಂದಿಳಿದಿದ್ದಳು. ಊಟತಿಂಡಿ ಒಪ್ಪಿಗೆಯಾದರೆ ತಿಂಗಳು ತಿಂಗಳೂ ತಮ್ಮವರನ್ನು ಇಲ್ಲಿಗೇ ಕಳಿಸುವುದಾಗಿ ಹೇಳಿದ್ದಳು.

ಶಾಂತಲಾ ಇಡ್ಲಿಯ ಜೊತೆ ಉಂಡೆ ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ ತಟ್ಟೆ ಹಿಡಿದು ಸೀದಾ ಕೋಣೆಗೆ ಹೋಗಿಬಿಟ್ಟಳು. ಅದು ಒಪ್ಪಿಗೆಯೋ ಅಲ್ಲವೋ ಶಶಿರೇಖಾಗೆ ತಿಳಿಯಲಿಲ್ಲ.

ತಿಳಿದುಕೊಳ್ಳಲು ಪುರುಸೊತ್ತೂ ಸಿಗಲಿಲ್ಲ. ಎದುರು ಮನೆಯ ಮುದುಕಿ ಅಕ್ಕಯ್ಯಮ್ಮ ಮೂಗನ್ನು ಮುಂದಿಟ್ಟುಕೊಂಡು ಹಿತ್ತಲ ಬಾಗಿಲಿಗೇ ಬಂದಿದ್ದಳು. ಕೈಯಲ್ಲಿ ಬಟ್ಟಲು.

"ಒಂಚೂರು ಆಕು ತಾಯಿ. ಎಂಗಿದ್ರೂ ಮಾಡಿದೀಯ."

"ದೊಡ್ಡಮ್ಮ, ಇದು ಹಲಸಿನಕಾಯಿ."

ಅಕ್ಕಯ್ಯಮ್ಮ ಒಂದು ಉಂಡೆ ಅಲ್ಲೇ ನಿಂತು ತಿಂದಳು. ಇನ್ನೊಂದನ್ನೂ ತಿಂದಳು. ಬಟ್ಟಲು ತುಂಬಿಸಿಕೊಂಡ ಮೇಲೆ ಕಣ್ಣು ಮಿಟುಕಿಸಿದಳು. "ಆಗ್ಲಿ ಬುಡು. ಯಾರ್ ಕೇಳುದ್ರೂ ಅಲಸಿನಕಾಯಿ ಅಂತ್ಲೇ ಏಳ್ತೀನಿ."

ಹಾಗೆಯೇ ಹೇಳಿದಳು ಕೂಡ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಕೇಳಿದವರಿಗೂ ಕೇಳದವರಿಗೂ.

ಸ್ವಲ್ಪ ಹೊತ್ತಿನಲ್ಲಿ ಗೇಟಿನ ಮುಂದೆ ಸಾಲು ಬೆಳೆಯಿತು. ಡಬ್ಬಿ, ಟಿಫನ್ ಕ್ಯಾರಿಯರ್, ಒಬ್ಬರ ಕೈಯಲ್ಲಂತೂ ಮುಚ್ಚಳವಿಲ್ಲದ ಕುಕ್ಕರು. ಎಲ್ಲರೂ ಕಳ್ಳಮಾಲು ಕೊಳ್ಳುವವರಂತೆ ಪಿಸುಗುಟ್ಟುವವರೇ.

"ಅಕ್ಕಾ, ಎರಡು ಪ್ಲೇಟ್ ಹಲಸಿನಕಾಯಿ."

"ನಾಳೆ ಹಲಸಿನಕಾಯಿ ಕಾಲು ಸೂಪು ಸಿಗುತ್ತಾಕ್ಕ?"

"ಇದು ನಿಜವಾಗ್ಲೂ ಹಲಸಿನಕಾಯಿ ಕಣ್ರೀ" ಎಂದು ಶಶಿರೇಖಾ ಗಂಟಲು ಹರಿಯುವಂತೆ ಕೂಗಿದಳು. ಸರಿಯಾಗಿ ಆಗಲೇ ಮೂರು ಯುದ್ಧವಿಮಾನಗಳು ನೆತ್ತಿಯ ಮೇಲೆ ಗುಡುಗಿಕೊಂಡು ಹೋದವು. ಸದ್ದು ಅಡಗಿದ ಮೇಲೆ ಮತ್ತೆ ಕೂಗಿದಳು. ಸಾಲಿನಲ್ಲಿದ್ದವರು ಅವಳ ಜಾಣತನಕ್ಕೆ ತಲೆದೂಗಿದರು. ಕಿಟಕಿಯಿಂದ ಶಾಂತಲಾ ಇದನ್ನೆಲ್ಲ ನೋಡುತ್ತಿದ್ದಳು.

ಇತ್ತ ಮೂಲೆಯ ಮಟನ್ ಅಂಗಡಿಯ ಮುನೇಶ, ಬೀಗ ಬಿದ್ದ ತನ್ನ ಅಂಗಡಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ತನ್ನ ಗಿರಾಕಿಗಳೆಲ್ಲ 'ವೀಗನ್' ಬೋರ್ಡಿನ ಕೆಳಗೆ ನಿಂತಿದ್ದನ್ನು ಕಂಡು ಅವನ ಹೊಟ್ಟೆಗೆ ಬೆಂಕಿ ಬಿತ್ತು. ಫೋನು ತೆಗೆದ. ಬೀಡಿ ಮುಗಿಯುವಷ್ಟರಲ್ಲಿ, ನಿಷೇಧದ ಉಸ್ತುವಾರಿಗೆಂದು ಓಡಾಡುತ್ತಿದ್ದ ಇನ್ಸ್‌ಪೆಕ್ಟರ್ ನಾಗೇಶ್ ಜೀಪಿನಿಂದ ಇಳಿದರು.

"ನನ್ ಅಂಗ್ಡಿಗೆ ಬೀಗ ಜಡಿದ್ರಿ ಸಾರ್. ಇಲ್ನೋಡಿ, ಹಾಡಹಗಲೇ ಕೈಮಾ."

ನಾಗೇಶ್ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಅಡುಗೆಮನೆ ಹೊಕ್ಕರು. ಕಸದ ಬುಟ್ಟಿಯಲ್ಲಿ ಅಂಟಂಟು ಸಿಪ್ಪೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಮೂಳೆ ಇಲ್ವಲ್ರೀ" ಎಂದರು.

"ಕೈಮಾಗೆ ಎಲ್ಲಿ ಮೂಳೆ ಸಾರ್?" ಎಂದ ಮುನೇಶ.

"ನಾನು ಇದನ್ನೆಲ್ಲ ತಿನ್ನೋನಲ್ಲ. ತಿಂದು ಹೇಳೋರು ಯಾರಾದ್ರೂ ಬೇಕು."

ಸಾಲಿಗೆ ಸಾಲೇ ಕೈ ಎತ್ತಿತು. ನಾಗೇಶ್ ಕಸುಬುದಾರನೇ ಆಗಲಿ ಎಂದು ಮುನೇಶನನ್ನು ಆರಿಸಿದರು. ಮುನೇಶ ಉಂಡೆ ಬಾಯಿಗಿಟ್ಟು, ನಿಧಾನವಾಗಿ ಅಗಿದು, ಆಕಾಶ ನೋಡಿ ತೀರ್ಪು ಕೊಟ್ಟ.

"ಕುರಿ ಸಾರ್. ಮರಿ. ತೊಡೆ ಕಡೆದು. ಮಾಕಳಿ ಬೆಟ್ಟದ ಸೈಡಲ್ಲಿ ಮೇದಿರೋ ಮರಿ."

ಶಶಿರೇಖಾಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತಳು.

"ಕೂತ್ಕೊಳ್ಳಿ ಸಾರ್. ಯಾರೂ ಹೋಗ್ಬೇಡಿ. ನಾನ್ ಇವತ್ತಿನವರೆಗೂ ಯಾರ್ ತಟ್ಟೆಗೂ ಕೈ ಹಾಕಿಲ್ಲ. ನನ್ ತಟ್ಟೇಲಿ ಏನಿರ್ಬೇಕು ಅನ್ನೋದನ್ನ ಈ ಬೀದಿ ಹೇಳೋದು ಬೇಡ."

ಗ್ಯಾಸ್ ಒಲೆಯನ್ನು ಅಂಗಳಕ್ಕೇ ತಂದಿಟ್ಟಳು. ಕೈಗೆ, ಚಾಕುವಿಗೆ ಎಣ್ಣೆ ಸವರಿ ಎಲ್ಲರ ಕಣ್ಣೆದುರಿಗೆ ಹಲಸಿನಕಾಯಿ ಹೆಚ್ಚಿದಳು. ಬೇಯಿಸಿದಳು, ಕುಟ್ಟಿದಳು, ಉಂಡೆ ಕಟ್ಟಿ ಕುದಿಯುವ ಮಸಾಲೆಗೆ ಒಂದೊಂದಾಗಿ ಬಿಟ್ಟಳು. ಬಿಸಿಲೇರಿದರೂ ಒಬ್ಬರೂ ಕದಲಲಿಲ್ಲ. ಮುನೇಶ ಹೊಸ ಉಂಡೆಯನ್ನು ತಿಂದು ಇನ್ನೊಂದಕ್ಕೆ ಕೈ ಚಾಚಿದ.

"ಏನಯ್ಯಾ?" ಎಂದರು ನಾಗೇಶ್.

"ಅದೇ ಮರಿ ಸಾರ್" ಎಂದ ಮುನೇಶ ಸಣ್ಣ ದನಿಯಲ್ಲಿ.

"ಇಲ್ಲಿ ಮಾಂಸ ಇಲ್ಲ. ಇದು ಬರೀ ಹಲಸಿನಕಾಯಿ" ಎಂದು ನಾಗೇಶ್ ಇಡೀ ಬೀದಿಗೆ ಕೇಳುವಂತೆ ಘೋಷಿಸಿದರು. ಈ ಸಲ ಯಾವ ವಿಮಾನವೂ ಹಾರಲಿಲ್ಲ. ಶಶಿರೇಖಾ ಗೆದ್ದ ಜಟ್ಟಿಯಂತೆ ಸೊಂಟಕ್ಕೆ ಕೈಯಿಟ್ಟು ಸಾಲಿನತ್ತ ನೋಡಿದಳು.

ಸಾಲು ಕರಗುತ್ತಿತ್ತು.

"ಥೂ, ತರಕಾರಿಗೋಸ್ಕರ ಇಷ್ಟೊತ್ತು ನಿಂತಿದ್ವಾ" ಎಂದು ಕುಕ್ಕರಿನವನು ಹೊರಟ. ಅಕ್ಕಯ್ಯಮ್ಮ ಖಾಲಿ ಬಟ್ಟಲು ತೋರಿಸಿ ಮುಖ ಊದಿಸಿಕೊಂಡಳು. "ಇಂಗ್ ಮೋಸ ಮಾಡ್ಬಾರ್ದಾಗಿತ್ತು ಕಣವ್ವ ನೀನು." ಬೆಳಗ್ಗೆಯೇ ಹೇಳಿದ್ದೆನೆಂದು ಶಶಿರೇಖಾ ನೆನಪಿಸಿದರೂ ಮುದುಕಿ ಕೇಳಿಸಿಕೊಳ್ಳಲಿಲ್ಲ.

ಬೀದಿ ಹೋದರೆ ಹೋಗಲಿ, ಶಾಂತಲಾ ಇದ್ದಾಳಲ್ಲ ಎಂದು ಶಶಿರೇಖಾ ತಿರುಗಿದಳು. ಶಾಂತಲಾ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು.

"ನಿಮ್ ಮೇಲೆ ಅನುಮಾನ ಇಲ್ಲ ಮೇಡಂ, ಕಣ್ಣಾರೆ ನೋಡಿದೀನಿ. ಆದ್ರೆ ನಮ್ಮವರು ಆ ರುಚಿ ಮರೆಯೋಕೆ ಎಷ್ಟ್ ಒದ್ದಾಡಿದಾರೆ ಗೊತ್ತಾ? ಒಂದ್ ಉಂಡೆ ತಿಂದು ನಂಗೇ ನಮ್ಮಜ್ಜಿ ಮನೆ ಬಾಡೂಟ ನೆನಪಾಗ್ಬಿಡ್ತು. ಅವರನ್ನ ಇಲ್ಲಿಗ್ ಕಳ್ಸಿದ್ರೆ ಕೆಟ್ ಹೋಗ್ತಾರೆ. ಮಸಾಲೆ ಬಿಟ್ಟು ಸಪ್ಪೆ ಅಡುಗೆ ಮಾಡ್ತೀರಾ ಹೇಳಿ, ಈಗ್ಲೇ ಬುಕ್ ಮಾಡ್ತೀನಿ."

ಮೂರು ಕೋಣೆ, ಅಣ್ಣನ ಗಡುವು, ಪಿಜಿ ಹುಡುಗರ ಚಡ್ಡಿ ಒಣಗುವ ಅಮ್ಮನ ಅಂಗಳ, ಎಲ್ಲ ಶಶಿರೇಖಾಳ ಕಣ್ಣಮುಂದೆ ಬಂದವು. ಅವಳು ಒಲೆಯ ಮೇಲಿನ ಪಾತ್ರೆ ನೋಡಿದಳು.

"ಇಲ್ಲ ಕಣ್ರೀ, ಮಾಡಲ್ಲ" ಎಂದಳು.

ಶಾಂತಲಾ ಹೋದಳು. ಅಂಗಳದಲ್ಲಿ ಪಾತ್ರೆ ತುಂಬ ಸಾರು, ಪಕ್ಕದಲ್ಲಿ ನಾಗೇಶ್ ಮಾತ್ರ ಉಳಿದರು.

"ಮಾಂಸ ಅಲ್ಲ ಅಂತ ನಾನೇ ಹೇಳಿದೀನಲ್ಲ ಮೇಡಂ. ಒಂದು ತಿನ್ಲಾ?"

ಒಂದು ತಿಂದರು. ಕರ್ಚೀಫು ಜೇಬಿಗಿಟ್ಟು ತಟ್ಟೆ ಕೇಳಿದರು. ತಟ್ಟೆಯನ್ನು ಬಳಿದು ಮುಗಿಸಿದಾಗ ಅವರ ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ. ನನ್ ಜೀವನಾನೇ ಬದಲಾಯ್ಸಿಬಿಟ್ರಿ ಮೇಡಂ" ಎಂದರು. ಊರೆಲ್ಲ ಕೈಬಿಟ್ಟರೂ ಒಬ್ಬರಿಗಾದರೂ ತನ್ನ ದಾರಿ ಅರ್ಥವಾಯಿತಲ್ಲ ಎಂದು ಶಶಿರೇಖಾಳ ಮನಸ್ಸು ತುಂಬಿ ಬಂತು.

ಪ್ರದರ್ಶನ ಮುಗಿದು ವಿಮಾನಗಳು ಹಿಂದಿರುಗಿದವು, ಅಂಗಡಿಗಳ ಬೀಗ ತೆರೆಯಿತು. ಆ ಬೆಳಗ್ಗೆ ಶಶಿರೇಖಾ ಸೊಂಟದ ಮೇಲೊಂದು ಹಲಸಿನಕಾಯಿ ಹೊತ್ತು ಮೂಲೆ ತಿರುಗಿದಳು. ಮುನೇಶನ ಅಂಗಡಿಯ ಮುಂದೆ ಜನವೋ ಜನ. ಎಲ್ಲರಿಗಿಂತ ಮುಂದೆ, ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದವರು ನಾಗೇಶ್.

"ಅರ್ಧ ಕೆಜಿ ಕೈಮಾ. ಮರಿದು, ತೊಡೆ ಕಡೆದೇ ಕೊಡಪ್ಪ" ಎನ್ನುತ್ತಿದ್ದವರು ಶಶಿರೇಖಾಳನ್ನು ಕಂಡು ಅರಳಿದರು. "ಮೇಡಂ, ಹಲಸಿನಕಾಯೇ ಅಷ್ಟು ಚೆನ್ನಾಗಿದ್ರೆ ಅಸಲಿ ಇನ್ನೆಂಗಿರ್ಬೇಕು ಅಂತ ಬಂದ್ಬಿಟ್ಟೆ. ಆ ಮಸಾಲೆಗೆ ಏನೇನ್ ಹಾಕ್ತೀರಿ, ಸ್ವಲ್ಪ ಹೇಳಿ."

ಮುನೇಶ ಕತ್ತಿ ಕೆಳಗಿಟ್ಟು ಭಕ್ತಿಯಿಂದ ಕೈ ಮುಗಿದ. "ಇವತ್ತಿನ ಬೋಣಿ ನಿಮ್ಮಿಂದಾನೇ ಅಕ್ಕ."

ಶಶಿರೇಖಾ ಹಲಸಿನಕಾಯಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು.

"ಹೇಳಲ್ಲ ಹೋಗ್ರೀ" ಎಂದು ಖಾಲಿ ಕೋಣೆಗಳ ತನ್ನ ಮನೆಯತ್ತ ನಡೆದಳು.