ನನಗಿಲ್ಲದ ಶುಗರ್

ಕಡಿಮೆ ಮಾತಾಡುವವನಿಗೆ ಪೇಚೂ ಕಡಿಮೆ ಎಂದುಕೊಂಡಿದ್ದೆ. ಆದರೆ ನಾನು ದಿನಕ್ಕೆ ಆಡುವ ನಾಲ್ಕು ಮಾತಿನಲ್ಲೇ ಒಂದು ಹೇಗೋ ನನ್ನನ್ನು ಎಲ್ಲೋ ಸಿಕ್ಕಿಸಿಬಿಡುತ್ತದೆ.

ಬಾಟಲಿ

ನಾನು ಸವಣೂರಿನಲ್ಲಿ ಶಾಲೆ ಮಾಸ್ತರ. ಮನೆಮನೆ ಸಮೀಕ್ಷೆಗೆ ನನ್ನ ಜೋಡಿಯಾದವರು ಉರ್ದು ಶಾಲೆಯ ಮಾಸ್ತರರು. ಸೋಮವಾರ ಕೆಲಸ ಶುರುವಾಗಿದ್ದೇ ಅವರ ಮನೆಯಿಂದ. ಅವರ ತಾಯಿ ಚಹಾ ತಂದರು. ಜಾತಿ ಧರ್ಮಗಳ ಬಗ್ಗೆ ನಾನು ಓದಿದ ಪುಸ್ತಕಗಳೇ ಎರಡು ಕಪಾಟು ಇವೆ. ಆದರೂ ಕೈ ಮುಂದೆ ಹೋಗಲಿಲ್ಲ.

"ಶುಗರ್ ಐತ್ರಿ ಅಮ್ಮಾ" ಅಂದೆ.

"ಸಕ್ರಿ ಹಾಕದ ಮಾಡಿ ಕೊಡ್ತೇನಿ."

"ಹಾಲೂ ನಡಿಯಂಗಿಲ್ರಿ."

"ಪಾಪ! ನೀರರ ಕುಡೀತಿ ಇಲ್ಲೋ?"

ಚೀಲದಿಂದ ನನ್ನ ನೀರಿನ ಬಾಟಲಿ ತೆಗೆದು ತೋರಿಸಿದೆ. ಎರಡು ಕಪಾಟಿನ ಓದು ಅಷ್ಟು ಸಣ್ಣ ಬಾಟಲಿಯಲ್ಲಿ ಹಿಡಿಸಿತ್ತು.

ಹೋಳಿಗೆ

ಮರುದಿನ ನಮ್ಮವರ ಓಣಿ. ಒಂದು ಮನೆಯಲ್ಲಿ ಬಿಸಿ ಹೋಳಿಗೆ, ಮೇಲೆ ತುಪ್ಪ. ನಾನು ಕೈ ಚಾಚುವಷ್ಟರಲ್ಲಿ ಮಾಸ್ತರರು ತಟ್ಟೆ ಎಳೆದುಕೊಂಡರು.

"ಅಕ್ಕಾರ, ಸರ್‌ಗೆ ಕೊಡಬ್ಯಾಡ್ರಿ. ಶುಗರ್ ಭಾಳ ಐತಿ. ಸಂಕೋಚದ ಮನಷ್ಯಾ, ತಾವಾಗಿ ಹೇಳಂಗಿಲ್ಲ."

ನನ್ನ ಪಾಲಿನ ಎರಡನ್ನೂ ಅವರೇ ತಿಂದರು. "ನಿಮ್ಮ ಸಲುವಾಗಿ" ಎಂದರು.

ಪುಡಿ

ಆ ವಾರ ಅವರ ತಾಯಿ ನೇರಳೆ ಬೀಜ ಕುಟ್ಟಿ, ಸೋಸಿ, ಡಬ್ಬಿ ತುಂಬ ಪುಡಿ ಕಳಿಸಿದರು. ಚಹಾಕ್ಕಿದ್ದ ಮೈಲಿಗೆ ಔಷಧಕ್ಕಿಲ್ಲವೆಂದು ನನಗೆ ನಾನೇ ಹೇಳಿಕೊಂಡು ದಿನಾ ಒಂದು ಚಮಚೆ ನುಂಗತೊಡಗಿದೆ. ಹೆಂಡತಿ ನೋಡಿದಳು.

"ನಿಮಗ ಶುಗರ್ ಯಾವಾಗ ಬಂತು?"

"ಸೋಮವಾರ."

ಪೂರ್ತಿ ಕೇಳಿದ ಮೇಲೆ ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಆ ಮುದುಕಿ ತೋಳು ನೋಯಿಸಿಕೊಂಡು ಕುಟ್ಟ್ಯಾಳ. ನಿಮ್ಮ ರೋಗ ಯಾವುದು ಅಂತ ಆಕಿಗೆ ಹೇಳ್ರಿ."

ಆ ರಾತ್ರಿ ಊಟ ಸೇರಲಿಲ್ಲ. ಪುಡಿಯ ಗುಣ ಎಂದಳು.

ವರದಿ

ಶಿಗ್ಗಾವಿಯಲ್ಲಿ ರಕ್ತ ತಪಾಸಣೆ ಶಿಬಿರವಿತ್ತು. ಮಾಸ್ತರರು ಬೈಕಿನಲ್ಲಿ ಕೂಡಿಸಿಕೊಂಡು ಹೋದರು. ವರದಿಯಲ್ಲಿ ಶುಗರಿನ ಸುಳಿವೂ ಇರಲಿಲ್ಲ. ಈಗ ಹೇಳಿಬಿಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಾಯಿಗೆ ಫೋನ್ ಹಚ್ಚಿ, ಪುಡಿಯಿಂದ ಸರ್ ಪೂರಾ ವಾಸಿಯಾದರು ಎಂದು ಸಾರಿಬಿಟ್ಟರು.

ವಾರದೊಳಗೆ ಅವರ ಮನೆಯ ಕಟ್ಟೆಯ ಮೇಲೆ ಆರು ಜನ ಡಬ್ಬಿ ಹಿಡಿದು ಕೂತಿದ್ದರು. ಅವರೆಲ್ಲರಿಗೂ ಶುಗರ್ ಖರೇನೇ ಇತ್ತು.

ಚಹಾ

ಅವರಲ್ಲೊಬ್ಬ ಪಕ್ಕದ ಮನೆಯ ಟೇಲರ್. ಅವನ ಕಾಲಿನ ಗಾಯ ಕಪ್ಪಾಗುತ್ತಿತ್ತು.

"ಗುಳಿಗಿ ತಗೊಳ್ಳಾಕತ್ತೀಯಿಲ್ಲೊ?" ಎಂದು ಕೇಳಿದೆ.

"ಬಿಟ್ಟೇನ್ರಿ ಸರ್. ನಿಮ್ಮನ್ನ ನೋಡೇ ಬಿಟ್ಟೆ."

ಅವನ ಕೈಯ ಡಬ್ಬಿ ಕಸಿದುಕೊಂಡೆ. "ಗುಳಿಗಿ ಬಿಡಬ್ಯಾಡೋ! ನನಗ ಶುಗರ್ ಇರಲೇ ಇಲ್ಲ." ಪುಡಿ ಹಂಚುತ್ತಿದ್ದ ಮಾಸ್ತರರ ತಾಯಿಯತ್ತ ತಿರುಗಿದೆ. "ಅಮ್ಮಾ, ನಿಮ್ಮ ಮನಿ ಚಹಾ ಬ್ಯಾಡಾಗಿತ್ತು, ಅದಕ್ಕ ಸುಳ್ಳ ಹೇಳಿದೆ. ತಪ್ಪಾತ್ರಿ."

ಮಾಸ್ತರರು ನೆಲ ನೋಡತೊಡಗಿದರು.

"ಯಾಕ? ನಮ್ಮ ಕೈದು ಅಂತನಾ?" ತಾಯಿ ಕೇಳಿದರು.

"ಹೌದ್ರಿ."

ಅವರು ಟೇಲರನತ್ತ ತಿರುಗಿದರು. "ನೀ ಈಗಿಂದೀಗ ದವಾಖಾನಿಗೆ ನಡಿ." ಆಟೋ ಕರೆಸಿ ಅವನನ್ನು ಹತ್ತಿಸಿದರು. ಕಾಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ ಸುದ್ದಿ ಫೋನಿನಲ್ಲಿ ಬರುವವರೆಗೆ ನನ್ನನ್ನು ಕಟ್ಟೆಯ ಮೇಲೇ ಬಿಟ್ಟರು. ಆಮೇಲೆ, "ನೀ ಒಳಗ ಬಾ, ಕುಂದರು" ಎಂದು ಚಹಾ ತಂದರು.

ಎದೆಯ ಭಾರವೇನೋ ಇಳಿಯಿತು. ಚಹಾ ಮಾತ್ರ ಇಳಿಯಲೊಲ್ಲದು. ಬೆಲ್ಲದ ಪಾಕಕ್ಕೆ ಹೊಗೆ ಹಿಡಿದಂತಿತ್ತು. ಆದರೂ ತಳ ಕಾಣುವವರೆಗೆ ಕುಡಿದೆ. ಅವರ ಮುಖ ಅರಳಿತು. ಇನ್ನೊಂದು ಕಪ್ ತರಲು ಒಳಗೆ ಹೋದರು.

ಮಾಸ್ತರರು ಮೆಲ್ಲಗೆ ಸರಿದು ಪಕ್ಕಕ್ಕೆ ಕೂತರು. "ಸರ್, ಅಮ್ಮೀ ಮಾಡಿದ ಚಹಾ ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ಲ. ನಿಮಗ ಶುಗರ್ ಅಂದಾಗ ನನಗ ಹೊಟ್ಟಿಕಿಚ್ಚಾಗಿತ್ತು. ನಾ ಹತ್ತು ವರ್ಷದಿಂದ ಪಿತ್ತ ಐತಿ ಅಂತ ಹೇಳಕೋತ ಬಂದೇನಿ. ಖರೇ ಹೇಳೂ ಉಮೇದಿನ್ಯಾಗ ನನ್ನ ಪಿತ್ತದ ಸುದ್ದಿ ಎತ್ತಬ್ಯಾಡ್ರಿ ಮತ್ತ!"