ಮುಂದಿಂದು ಕೇಳಂಗಿಲ್ಲ

ಇಡೀ ಅನಾಹುತಕ್ಕೆ ಕಾರಣ ಹದಿನೇಳು ಸೆಕೆಂಡಿನ ಒಂದು ವಾಯ್ಸ್ ಮೆಸೇಜು. ಅದು ದತ್ತುವಿನ ಹೆಂಡತಿ ಸಪ್ನಾಳ ಫೋನಿಗೆ ಬಂದದ್ದು ಬೆಳಿಗ್ಗೆ ಏಳಕ್ಕೆ, ಒಲೆಯ ಮೇಲೆ ಚಹಾ ಉಕ್ಕುವ ಹೊತ್ತಿಗೆ ಸರಿಯಾಗಿ.

"ಸಪ್ನಾ, ನಾ ರುಕ್ಮಿಣಮ್ಮ. ನಿಮ್ಮ ಗಾಡಿ ಛಲೋ ಅದ, ಸೀಟು ಮೆತ್ತಗದ. ಆದ್ರ ಮುಂದಿಂದು ಏನೂ ಕೇಳಂಗಿಲ್ಲ ನೋಡವಾ. ಹಿಂದ ಕುಂತವ್ರಿಗೆ ಭಾಳ ತ್ರಾಸ. ಇವತ್ತ ನಾಕಕ್ಕ ಜೇಜುರಿಗೆ ಹೊಂಟೀವಲ್ಲ, ಅಷ್ಟರಾಗ ಅದು ಸುಧಾರಿಸಿದ್ರ ಸರಿ. ಇಲ್ಲಂದ್ರ ಚಂಪಾಷಷ್ಠಿಗೆ ಬ್ಯಾರೆ ಗಾಡಿ ನೋಡ್ಕೋತೀವಿ."

ದತ್ತು ಕಪ್ಪನ್ನು ಕೆಳಗಿಟ್ಟ. ಮತ್ತೊಮ್ಮೆ ಹಚ್ಚಿ ಕೇಳಿದ. ಮೂರನೆಯ ಸಲ 'ಕೇಳಂಗಿಲ್ಲ' ಎನ್ನುವಲ್ಲಿಗೇ ನಿಲ್ಲಿಸಿಬಿಟ್ಟ. ಮುಂದಿನದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಧೈರ್ಯ ಎಲ್ಲಿಂದ ಬರಬೇಕು? ಆರು ತಿಂಗಳ ಹಿಂದೆ ಸಿಮೆಂಟು ಹೊರುವ ಟೆಂಪೋದ ಕೆಲಸ ಬಿಟ್ಟು ಈ ಹಳೇ ಕಾರು ಕೊಂಡಿದ್ದ. ಹೊರಡುವ ದಿನ ಟೆಂಪೋ ಮಾಲಕ ಹಲ್ಲು ಕಿರಿದು, "ಮತ್ತ ಬರ್ತಿ ನೋಡು" ಎಂದಿದ್ದ. ಅದೇನು ಶಾಪವೋ, ದತ್ತುವಿನ ಕಾರು ಹತ್ತಿದವರು ಎರಡನೇ ಸಲ ಹತ್ತುತ್ತಿರಲಿಲ್ಲ. ಮತ್ತೆ ಮತ್ತೆ ಹತ್ತಿದವರೆಂದರೆ ಪುಣೆಯ ಬಿಬವೇವಾಡಿಯ ಭಜನಿ ಮಂಡಳದ ರುಕ್ಮಿಣಮ್ಮ ಮತ್ತು ಅವರ ಇಬ್ಬರು ಗೆಳತಿಯರು ಮಾತ್ರ. ಹುಣ್ಣಿಮೆಗೊಮ್ಮೆ ಜೇಜುರಿಯ ಖಂಡೋಬನ ದರ್ಶನಕ್ಕೆ ಹೋಗುವವರು. ಅಲ್ಲಿಯ ಚಂಪಾಷಷ್ಠಿ ಜಾತ್ರೆಯ ಆರೂ ದಿನ ಇವನದೇ ಗಾಡಿ ಎಂದು ಮಾತು ಕೊಟ್ಟಿದ್ದರು. ಆ ಮಾತು ಈಗ ಬಿರುಕು ಬಿಟ್ಟಿತ್ತು.

"ಮುಂದಿನ ಸ್ಪೀಕರ್ ಹಿಂದ ಕೇಳವಲ್ದಂತ!" ಎಂದ. "ಅವ್ರು ಭಜನಿ ಮಂದಿ. ಹಾಡು ಕೇಳಲಿಲ್ಲಂದ್ರ ಅವ್ರ ಹೊಟ್ಟಿ ತುಂಬತದೇನು?"

ಸಪ್ನಾ ಸೋಸುವ ಜಾಲರಿ ಹಿಡಿದು ನಿಂತಿದ್ದಳು. "ರೀ, ನಂಗ್ಯಾಕೋ ಆ ಮಾತು ಬ್ಯಾರೆ ಥರಾ..."

"ಆಮ್ಯಾಲೆ ಹೇಳ. ತಲಿ ಕೆಟ್ಟದ."

ಸಪ್ನಾ ಚಹಾ ಸೋಸಿದಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವಳ ಎಷ್ಟೋ ಮಾತುಗಳು ಆ 'ಆಮ್ಯಾಲೆ'ಯಲ್ಲೇ ಕುಳಿತಿದ್ದವು, ಬಸ್ ತಪ್ಪಿದ ಪ್ರಯಾಣಿಕರ ಹಾಗೆ.

ದತ್ತು ಕೆಳಗಿಳಿದು ಕಾರಿನಲ್ಲಿ ಹಾಡು ಹಚ್ಚಿದ. ಎರಡೂ ಬಾಗಿಲಿನ ಸ್ಪೀಕರುಗಳು ಡಬ್ಬಿಯಲ್ಲಿ ಸಿಕ್ಕ ದುಂಬಿಯ ಹಾಗೆ ಗುಂಯ್‌ಗುಟ್ಟಿದವು. ಪಕ್ಕದಲ್ಲಿ ಕಾಂತಪ್ಪ ಕಾಕಾ ಬಾಡಿಗೆಗೆ ಓಡಿಸುವ ತನ್ನ ಹಳೇ ವ್ಯಾನು ತೊಳೆಯುತ್ತಿದ್ದ. ಆ ವ್ಯಾನಿನಲ್ಲಿ ರೇಡಿಯೋ ಇರಬೇಕಾದ ತೂತಿನಲ್ಲಿ ಎಲೆ ಅಡಿಕೆ ಚೀಲ ಇತ್ತು. ಕಾಕಾ ಇಪ್ಪತ್ತು ವರ್ಷ ಕಲ್ಲಿನ ಕ್ರಷರಿನಲ್ಲಿ ದುಡಿದವನು. ಯಾರು ಏನು ಹೇಳಿದರೂ ಕೈಯನ್ನು ಕಿವಿಗೆ ಹಚ್ಚಿ "ಹಾಂ? ಏನಂದಿ?" ಎನ್ನುವುದು ಅವನ ರೂಢಿ. ಕೆಲವರಿಗೆ ಮೀಸೆ ತಿರುವುವ ರೂಢಿ ಇರುವಂತೆ ಇದೂ ಒಂದು ಎಂದು ದತ್ತು ತಿಳಿದಿದ್ದ.

"ಕಾಕಾ, ಹಿಂದ ಕುಂದ್ರ್ರಿ. ಹಾಡು ಕೇಳ್ತದೇನು ಹೇಳ್ರಿ."

"ಹಾಂ? ಏನಂದಿ?"

"ಹಾಡು! ಕೇಳ್ತದೇನು?"

ಕಾಂತಪ್ಪ ಹಿಂದಿನ ಸೀಟಿನಲ್ಲಿ ಕುಳಿತು ಗಂಭೀರನಾಗಿ ಸುತ್ತ ನೋಡಿದ. "ಎಲ್ಲಿ ಹಾಡು?"

ಪರಿಸ್ಥಿತಿ ದತ್ತು ಎಣಿಸಿದ್ದಕ್ಕಿಂತ ಘೋರವಾಗಿತ್ತು.

ಮೂಲೆಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಸುಖೇಶನಿಗೆ ಇಂಥ ಹಾಡಿನ ಸಾಮಾನುಗಳ ಹುಚ್ಚು. ವಿಷಯ ಕೇಳಿದ್ದೇ ಚಿಲ್ಲರೆ ಎಣಿಸುವುದನ್ನು ಬಿಟ್ಟು ಮುಂದಕ್ಕೆ ಬಾಗಿದ. "ಸ್ಪೀಕರ್ ಬದಲಿಸುವುದು ಬೇಡ ಮಾರಾಯ್ರೆ. ಒಂದು ಆಂಪ್ಲಿಫಯರ್ ಹಾಕಿ. ಎರಡು ಚಾನೆಲಿದ್ದು, ಸಣ್ಣದು ಸಾಕು. ನಿಮ್ಮ ಬಾಗಿಲಿನ ಸ್ಪೀಕರಿಗೆ ನಲವತ್ತೈವತ್ತು ವಾಟ್ ಧಾರಾಳ ಆಯ್ತು. ಡಬ್ಬದ ಮೇಲೆ ದೊಡ್ಡದಾಗಿ ಬರೆದದ್ದನ್ನು ನಂಬಬೇಡಿ, ಅದು ಸುಳ್ಳು. ಕೆಳಗೆ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಅಂತ ಉಂಟಲ್ಲ, ಅದೇ ನಿಜ. ಮತ್ತೆ ಗೇನ್ ಅಂತ ಒಂದು ತಿರುಪು ಉಂಟು, ಅದನ್ನು ಮಾತ್ರ ಅರ್ಧಕ್ಕಿಂತ..."

ತಿರುಪಿನ ಸುದ್ದಿ ಮುಗಿಯುವಷ್ಟರಲ್ಲಿ ದತ್ತು ರಸ್ತೆ ದಾಟಿದ್ದ. 'ಆಂಪ್ಲಿಫಯರ್' ಎಂಬ ಒಂದು ಮಾತು ಸಿಕ್ಕಿದ್ದೇ ಸಾಕಾಗಿತ್ತು ಅವನಿಗೆ. ಜೊತೆಗೆ ಕಾಂತಪ್ಪನನ್ನು ಕರೆದುಕೊಂಡ, ಕೇಳಿ ಆರಿಸುವುದಕ್ಕೆ ಒಂದು ಅನುಭವದ ಕಿವಿ ಇರಲಿ ಎಂದು.

ಬುಧವಾರ ಪೇಠೆಯ ಗಲ್ಲಿಯ ಅಂಗಡಿಯವನು ಎರಡು ಡಬ್ಬ ತೆಗೆದಿಟ್ಟ. ಒಂದು ಟಿಫಿನ್ ಡಬ್ಬಿಯಷ್ಟು ಸಣ್ಣದು, ಕಪ್ಪು, ನಾಲ್ಕು ಸಾವಿರದ ಇನ್ನೂರು ರೂಪಾಯಿ. ಇನ್ನೊಂದು ಬೆಳ್ಳಿ ಬಣ್ಣದ್ದು, ಹೆಸರು ಕೇಳದ ಕಂಪನಿಯದು, ಮೈತುಂಬ ಬೆಂಕಿಯ ಚಿತ್ರ, ಮೇಲೆ ಮೂರು ಸಾವಿರ ವಾಟ್ ಎಂಬ ಬರಹ. ಬೆಲೆ ಮುನ್ನೂರು ಕಡಿಮೆ!

"ಭಾವೂ, ಛೋಟಾ ಘ್ಯಾ," ಸಣ್ಣದನ್ನೇ ತಗೊಳ್ಳಿ, ಎಂದು ಮರಾಠಿಯಲ್ಲಿ ಹೇಳಿದ ಅಂಗಡಿಯವನು, ಪಾಪ, ಪ್ರಾಮಾಣಿಕ ಮನುಷ್ಯ. "ಏವಢೇ ವಾಟ್ ಲಾವ್ಲೇ ತರ್ ಸ್ಪೀಕರ್‌ಚೀ ವಾಟ್ ಲಾಗೇಲ್."

ಇಷ್ಟು ವಾಟ್ ಹಚ್ಚಿದರೆ ಸ್ಪೀಕರಿನ 'ವಾಟ್' ಹತ್ತುತ್ತದೆ ಎಂದು. ಪುಣೆಯಲ್ಲಿ ಒಬ್ಬನ 'ವಾಟ್ ಹತ್ತಿತು' ಎಂದರೆ ಅವನ ಕತೆ ಮುಗಿಯಿತು ಎಂದರ್ಥ. ಬೇರೆ ದಿನವಾಗಿದ್ದರೆ ದತ್ತುವಿಗೂ ಅದು ಅರ್ಥವಾಗುತ್ತಿತ್ತು. ಈವತ್ತು ಅವನ ಕಿವಿಗೆ ಬಿದ್ದದ್ದು ಎರಡು ಸಲ ವಾಟ್, ವಾಟ್ ಅಂತ ಮಾತ್ರ. ದುಪ್ಪಟ್ಟು ಶಕ್ತಿ ಎಂದುಕೊಂಡ.

ಅಂಗಡಿಯವನು ಸಣ್ಣದನ್ನು ಹಚ್ಚಿ ತೋರಿಸಿದ. ಎದುರಿನ ಅಂಗಡಿಯ ಗಿರಾಕಿ ತಿರುಗಿ ನೋಡಿದ.

"ಕಾಕಾ?"

"ಹಾಂ? ಚಾಲೂ ಮಾಡ ಅನ್ನೋ ಮೊದಲ."

ಬೆಳ್ಳಿಯದನ್ನು ಹಚ್ಚಿದ. ಗಾಜಿನ ಕಪಾಟು ಗಲಗಲ ಅಲುಗಿತು. ಗಲ್ಲಿಯ ನಾಯಿ ಎದ್ದು ಹೋಯಿತು. ಕಾಂತಪ್ಪನ ಮುಖ ಮೆಲ್ಲಗೆ ಅರಳಿತು. "ಈಗ ನೋಡು. ಯಾರೋ ಸಣ್ಣಗ, ಇಂಪಾಗಿ ಹಾಡ್ಲಾಕತ್ತಾರ."

ದತ್ತು ಬೆಳ್ಳಿಯದನ್ನೇ ಕೊಂಡ. ವೈರು ಕತ್ತರಿಸಿದ ಮೇಲೆ ಮಾಲು ವಾಪಸ್ಸಿಲ್ಲ ಎಂದು ಅಂಗಡಿಯವನು ಹೇಳಿದ. ಅದಕ್ಕೂ "ಹೋ ಹೋ" ಎಂದು ತಲೆಯಾಡಿಸಿದ.

ಕೂಡಿಸುವ ಕೆಲಸ ಒಂದು ಗಂಟೆಯದೆಂದರು, ಮೂರು ಗಂಟೆ ಹಿಡಿಯಿತು. ಮೊದಲ ಸಲ ಫ್ಯೂಸು ಸುಟ್ಟಿತು. ಎರಡನೇ ಸಲ ಹಾಡಿನ ಬದಲು ಸ್ಪೀಕರಿನೊಳಗಿಂದ ಇಂಜಿನು ಬಾಣಂತಿಮನೆಯ ಕೂಸಿನಂತೆ ಅತ್ತಿತು. ಮೂರನೇ ಸಲ ಸರಿಯಾಯಿತು. ಅಂಗಡಿಯ ಮೆಕ್ಯಾನಿಕ್ಕು ಗೇನ್ ತಿರುಪನ್ನು ಸ್ವಲ್ಪ ತಿರುವಿ ಕಾಂತಪ್ಪನ ಮುಖ ನೋಡಿದ. ಕಾಂತಪ್ಪ "ಏರಸು" ಎಂದ. ಇನ್ನೂ ತಿರುವಿದ. "ಏರಸು." ತಿರುಪು ಕೊನೆಗೆ ಮುಟ್ಟಿ ಕಟಕ್ಕೆಂದಿತು. ಆಂಪ್ಲಿಫಯರು ಮುಂದಿನ ಎಡ ಸೀಟಿನ ಕೆಳಗೆ ನೀಲಿ ಕಣ್ಣು ಬಿಟ್ಟು ಕುಳಿತಿತು. ಕೆಂಪು ದೀಪ ಹತ್ತಿದರೆ ಕಾದಿದೆ ಎಂದರ್ಥ, ಆರಲು ಬಿಡಿ, ಎಂದು ಮೆಕ್ಯಾನಿಕ್ಕು ಕೈ ಒರೆಸಿಕೊಂಡ.

ಮೂರೂ ಮುಕ್ಕಾಲಿಗೆ ಸಪ್ನಾಳ ಫೋನು. "ಎಷ್ಟ ಸಲ ಫೋನ್ ಹಚ್ಚಬೇಕ್ರಿ ನಿಮಗ? ನಾನೇ ರುಕ್ಮಿಣಮ್ಮಾರಿಗೆ ಕೇಳೀನಿ. ಮುಂದಿಂದು ಅಂದ್ರ..."

"ಏನೂ ಕೇಳವಲ್ದು ಸಪ್ನಾ! ಭಾಳ ಛಲೋ ಆಗ್ಯದ!" ಎಂದು ಕೂಗಿ ಫೋನಿಟ್ಟ.

ನಾಲ್ಕಕ್ಕೆ ಮೂವರೂ ಹಿಂದೆ ಕುಳಿತರು. ನಡುವೆ ರುಕ್ಮಿಣಮ್ಮ, ಮಡಿಲಲ್ಲಿ ಖಂಡೋಬನಿಗೆ ಎರಚುವ ಭಂಡಾರದ, ಅಂದರೆ ಅರಿಸಿನ ಪುಡಿಯ ಚೀಲ. ಬಲಕ್ಕೆ ಯಮನವ್ವ, ಎಡಕ್ಕೆ ಬಸವಣ್ಣೆವ್ವ. ತಾನು ಆರಿಸಿದ ಸಾಮಾನಿನ ಪ್ರತಾಪ ನೋಡಲು ಕಾಂತಪ್ಪ ಮುಂದಿನ ಸೀಟಿನಲ್ಲಿ.

"ದತ್ತು, ಸಪ್ನಾ ಹೇಳಿದ್ಲಿಲ್ಲೋ?" ಎಂದರು ರುಕ್ಮಿಣಮ್ಮ.

"ಹೇಳ್ಯಾಳ್ರಿ ಅವ್ವಾರ! ಎಲ್ಲಾ ಸುಧಾರಿಸ್ಯದ. ಈಗ ನೋಡ್ರಿ," ಎಂದು ದತ್ತು ಗುಂಡಿ ಒತ್ತಿದ.

ದಿವೆ ಘಾಟಿನ ತಿರುವುಗಳಲ್ಲಿ ಎದುರಿನ ಲಾರಿಗಳು ತಾವಾಗಿಯೇ ದಾರಿ ಬಿಟ್ಟವು, ಏನೋ ಮೆರವಣಿಗೆ ಬಂತೆಂದು. ಹಿಂದಿನಿಂದ ಆಗಾಗ ಕೈಗಳು ಆಡಿದವು, ಬಾಯಿಗಳು ತೆರೆದವು. ಹಾಡಿಗೆ ತಾಳ ಹಾಕುತ್ತಿದ್ದಾರೆಂದು ದತ್ತುವಿನ ಜೀವಕ್ಕೆ ಸ್ವಲ್ಪ ತಂಪಾಯಿತು. ಕಾಂತಪ್ಪ ಮಾತ್ರ ಜೋಗುಳ ಕೇಳಿದವನಂತೆ ನಿದ್ದೆ ಹೋದ.

ಸಾಸವಡದಲ್ಲಿ ಕೆಂಪು ದೀಪ ಹತ್ತಿತು! ದತ್ತು ಗಾಬರಿಯಾಗಿ ಚಹಾದಂಗಡಿಯ ಮುಂದೆ ನಿಲ್ಲಿಸಿದ. ಹೆಂಗಸರು ಇಳಿದರು. ಇವನು ಸೀಟಿನ ಕೆಳಗೆ ತಲೆ ಹಾಕಿ ವೃತ್ತಪತ್ರಿಕೆಯಿಂದ ಗಾಳಿ ಬೀಸಿದ. ಜ್ವರದ ಮಗುವಿಗೂ ಯಾರೂ ಅಷ್ಟು ಬೀಸಿರಲಿಕ್ಕಿಲ್ಲ. ಹತ್ತು ನಿಮಿಷಕ್ಕೆ ದೀಪ ನೀಲಿಗೆ ತಿರುಗಿತು. ಹಿಂದೆ ಬಾಗಿಲು ಬಡಿದ ಸದ್ದಾಯಿತು. ದತ್ತು ದೇವರನ್ನು ನೆನೆದು ಹೊರಟ, ಹಾಡು ಹಚ್ಚಿದ.

ಊರು ದಾಟುತ್ತಲೇ ಹಿಂದಿನಿಂದ ಕೂಗು ಕೇಳಿತು. ಮೂರು ಸಾವಿರ ವಾಟ್ ಹಾದು ಅವನವರೆಗೆ ಬಂದದ್ದು ಇಷ್ಟೇ: "ಬಸವಣ್ಣ... ಬಸವಣ್ಣ..."

ಆಹಾ, ಎಂದುಕೊಂಡ ದತ್ತು. ಖಂಡೋಬನ ಹಾದಿಯಲ್ಲಿ ಬಸವಣ್ಣನ ನಾಮ! ಭಕ್ತಿ ಏರಿದೆ. ಧ್ವನಿ ಇನ್ನೊಂದಿಷ್ಟು ಏರಿಸಿದ. ಯಮನವ್ವ ಹೆಗಲ ಮೇಲೆ ಪಟಪಟ ಬಡಿದಳು. ಇವನೂ ತಲೆಯಾಡಿಸಿ ತಾಳ ಕೊಟ್ಟ. ಕೊನೆಗೆ ರುಕ್ಮಿಣಮ್ಮ ಚೀಲಕ್ಕೆ ಕೈ ಹಾಕಿ ಹಿಡಿ ತುಂಬ ಭಂಡಾರ ತೆಗೆದು ಅವನ ತಲೆಗೆ ಎರಚಿದರು. ಜೇಜುರಿ ಇನ್ನೂ ಮುಟ್ಟಿಲ್ಲ, ಆಗಲೇ ಪ್ರಸಾದ! ದತ್ತು ಕಣ್ಣು ತುಂಬಿ, ಒಂದು ಕೈಯಿಂದ ಅರಿಸಿನವನ್ನು ಹಣೆಗೆ ಒತ್ತಿಕೊಂಡ. ಚಂಪಾಷಷ್ಠಿಯ ಆರೂ ದಿನ ತನ್ನವೇ ಎಂದು ಅವನಿಗೆ ಖಾತ್ರಿಯಾಯಿತು.

ಎರಡನೇ ಹಿಡಿ ಕಾಂತಪ್ಪನ ಮೂಗಿಗೆ ಬಿತ್ತು. ಅವನು ಸೀನಿ ಎಚ್ಚರಗೊಂಡು ಇಡೀ ಮೈ ಹಿಂದಕ್ಕೆ ತಿರುಗಿಸಿ, ಕೈಯನ್ನು ಕಿವಿಗೆ ಹಚ್ಚಿದ. "ಹಾಂ? ಏನಂದ್ರಿ?" ರುಕ್ಮಿಣಮ್ಮ ಅವನ ಕಿವಿಯಲ್ಲೇ ಬಾಯಿಟ್ಟು ಏನೋ ಹೇಳಿದರು. "ಹಾಂ? ಯಾರು ಉಳದ್ರು?" ಮತ್ತೆ ಹೇಳಿದರು. ಕಾಂತಪ್ಪ ಬಾಗಿ ಸೀಟಿನ ಕೆಳಗಿನ ವೈರನ್ನು ಬೇರುಸಹಿತ ಕಿತ್ತ.

ಆ ನಿಶ್ಶಬ್ದದಲ್ಲಿ ರುಕ್ಮಿಣಮ್ಮನ ಧ್ವನಿ ಗುಡುಗಿನಂತೆ ಬಿತ್ತು: "ಬಸವಣ್ಣೆವ್ವ ಸಾಸವಡದಾಗ ಉಳದಾಳೋ ಭಾಡ್ಯಾ!"

ತಿರುಗಿ ಹೋದಾಗ ಬಸವಣ್ಣೆವ್ವ ಚಹಾದಂಗಡಿಯ ಬಾಕಿನ ಮೇಲೆ ಎರಡನೇ ವಡಾಪಾವ್ ತಿನ್ನುತ್ತಿದ್ದಳು. "ಗಾಡಿ ದೂರ ಹೋಗಿಲ್ಲಂತ ಗೊತ್ತಿತ್ತು," ಎಂದಳು. "ಹಾಡು ಕೇಳ್ಲಾಕತ್ತಿತ್ತು."

ದತ್ತುವಿನ ಮೈಯೆಲ್ಲ ಅರಿಸಿನ, ಕಣ್ಣಲ್ಲಿ ನೀರು. "ಅವ್ವಾರ, ನಿಮ್ಮ ಸಲುವಾಗೇ ಇದನ್ನ ಹಾಕ್ಸೀನ್ರಿ. ಮುಂದಿಂದು ಏನೂ ಕೇಳಂಗಿಲ್ಲಂತ ನೀವ ಹೇಳಿದ್ರಲ್ಲ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮುಂದಿಂದು ಅಂದ್ರ ನೀನೋ!" ಎಂದರು ರುಕ್ಮಿಣಮ್ಮ. "ಮಗನ ವಾರಗಿಯವ ಅಂತ ಸಲಗಿಲೆ ಅದು ಇದು ಅಂದೆ. ಹೋದ ಹುಣ್ಣಿವಿಗೆ ಗಾಡಿ ನಿಲ್ಲಸೋ ಅಂದ್ರ ಕೇಳಲಿಲ್ಲ, ಹಾಡು ಸಣ್ಣ ಮಾಡೋ ಅಂದ್ರ ಕೇಳಲಿಲ್ಲ. ಮಧ್ಯಾಹ್ನ ನಿನ್ನ ಹೆಂಡ್ತಿಗೆ ಬಿಡಿಸಿ ಬಿಡಿಸಿ ಹೇಳೀನಿ. ಆಕಿ ಹೇಳಲಿಲ್ಲೇನು?"

ದತ್ತುವಿನ ಕಣ್ಣ ಮುಂದೆ ಜಾಲರಿ ಹಿಡಿದು ನಿಂತ ಸಪ್ನಾ ಬಂದಳು. ಫೋನು ತೆಗೆದು ನೋಡಿದ. ಹನ್ನೊಂದು ಮಿಸ್ಡ್ ಕಾಲ್.

"ಇನ್ನ ಕೇಳ್ತೀನ್ರಿ ಅವ್ವಾರ. ಖಂಡೋಬನ ಆಣಿ. ಷಷ್ಠಿಗೆ..."

"ಷಷ್ಠಿಗೆ ಕಾಂತಪ್ಪಣ್ಣನ ಗಾಡಿ," ಎಂದರು ರುಕ್ಮಿಣಮ್ಮ, ಮಾತು ಮುಗಿಯಿತೆಂಬಂತೆ ಸೆರಗು ಸರಿಮಾಡಿಕೊಂಡು. "ಹಾಡಿಲ್ಲ, ಗದ್ದಲಿಲ್ಲ. ಮತ್ತ ಮನಷಾ ಅಂದ್ರ ಹಂಗಿರಬೇಕು. ಒಂದ ಮಾತು ಹೇಳಿದ್ರ ಎರಡೆರಡು ಸಲ ಕೇಳ್ತಾನ."

ಬಸವಣ್ಣೆವ್ವ ವಡಾಪಾವ್ ಹಿಡಿದ ಕೈಯಿಂದಲೇ ಹೌದೌದೆಂದಳು.

ದತ್ತು ಮೆಲ್ಲಗೆ ಕಾಂತಪ್ಪನ ಕಡೆಗೆ ತಿರುಗಿದ. "ಕಾಕಾ, ನೀವರ ಹೇಳ್ರಿ. ಇದು ನ್ಯಾಯ ಏನ್ರಿ?"

ಕಾಂತಪ್ಪ ಕಿತ್ತ ವೈರನ್ನು ಇನ್ನೂ ಹಿಡಿದೇ ಇದ್ದ. ಇನ್ನೊಂದು ಕೈಯನ್ನು ನಿಧಾನವಾಗಿ ಕಿವಿಗೆ ಹಚ್ಚಿ, ಭಾಳ ಅಕ್ಕರೆಯಿಂದ ಮುಂದಕ್ಕೆ ಬಾಗಿದ.

"ಹಾಂ? ಏನಂದಿ?"