ಜಪಾನ್ ಫ್ಯಾನಿನ ತವರುಮನೆ

ರಾಯದುರ್ಗದ ಕೋಟೆ ಬುಡದಲ್ಲಿ ತಗಡಿನ ಶೀಟು ಹಾಕಿದ ಒಂದು ಕರೆಂಟ್ ಸಾಮಾನಿನ ಅಂಗಡಿ ಇಟ್ಟುಕೊಂಡು ಕೂತರೆ ಸಾಕು, ನಗೋದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಬಲ್ಬು ಕೊಳ್ಳೋಕೆ ಬಂದವರೂ ಈಗ ಮೊದಲು ಕೇಳೋದು ರೇಟಲ್ಲ, "ಯಾವ ದೇಶದ್ದು ರೀ?" ಅಂತ. ನನಗೋ ಒಂದು ಕೆಟ್ಟ ಚಟ. ಸಾಮಾನು ಬಿಚ್ಚಿದ ಮೇಲೆ ಒಳಗೆ ಏನು ಕಂಡಿತೋ ಅದನ್ನ ಊರಿಗೆಲ್ಲ ಕೇಳೋ ಹಂಗೆ ಹೇಳಿಬಿಡ್ತೀನಿ. ರಿಪೇರಿ ಮಾಡೋನು ಸುಳ್ಳು ಹೇಳಿದರೆ ಮುಗೀತಲ್ಲ!

"ನಿಮ್ಮ ಬಾಯಿ ಇಲ್ಲಿ ಹೆಂಗಾದ್ರೂ ಇರ್ಲಿ, ಮಡಕಶಿರಾಕ್ಕೆ ಬರುವಾಗ ಮಾತ್ರ ಹೊಲ್ಕೊಂಡು ಬನ್ನಿ," ಅಂತ ನನ್ನ ಹೆಂಡತಿ ಮದುವೆಯಾದಾಗಿಂದ ಹೇಳ್ತಾನೇ ಇದ್ದಾಳೆ. ಮಡಕಶಿರಾ ಅವಳ ತವರು. ಯಾಕೆ ಹಂಗಂತಾಳೆ ಅನ್ನೋದು ನನಗೆ ಹೋದ ವರ್ಷದವರೆಗೂ ತಿಳಿದಿರಲಿಲ್ಲ. ಆವತ್ತು ಈ ಬಾಯಿ ಒಂಚೂರು ಜಾರಿದ್ದರೂ ನಮ್ಮ ಮಾವ ಬೀದೀಲಿ ತಲೆ ಎತ್ತಿ ಓಡಾಡೋ ಹಂಗಿರಲಿಲ್ಲ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಬಾಯಿಯ ಪ್ರತಾಪ ಕೇಳಿ.

ಇಟಲಿಗೆ ಬಸ್ಸು ತಪ್ಪಿದ್ದು

ನಮ್ಮೂರಲ್ಲಿ ಯಾವ ಓಣಿಗೆ ಹೋದರೂ ಜೀನ್ಸ್ ಹೊಲಿಯೋ ಮಿಷನ್ನಿನ ಸದ್ದು. ಒಬ್ಬ ಯೂನಿಟ್ ಮಾಲೀಕರು ಮಿಷನ್ನಿನ ಮೋಟರು ಹೊತ್ತುಕೊಂಡು ಬಂದರು.

"ಜಪಾನ್ ಅಂತ ಹೇಳಿ ಕೊಟ್ಟಾರ್ರಿ. ಬಿಚ್ಚಿ ನೋಡಿ ಖರೇ ಹೇಳ್ರಿ."

ಬಿಚ್ಚಿದೆ. "ಮೇಲಿನ ಪಟ್ಟಿ ಜಪಾನ್ ರೀ. ಒಳಗಿನ ಸರ್ಕ್ಯೂಟ್ ಚೀನಾ. ವೈರು ದಿಲ್ಲಿ. ಬೇರಿಂಗು ಎಲ್ಲೀದು ಅಂತ ಅದಕ್ಕೇ ಗೊತ್ತಿಲ್ಲ."

ಮಾಲೀಕರಿಗೆ ಸಿಟ್ಟು ನೆತ್ತಿಗೇರಿತು. "ಎಂಥಾ ಅನ್ಯಾಯ ರೀ! ಹೆಸರು ಒಂದು, ಮಾಲು ಒಂದು. ಇಂಥೋರ್ನ ಸುಮ್ಮನ ಬಿಡಬಾರದ್ರಿ!"

ಅವರ ಕಂಕುಳಲ್ಲಿ ಒಂದು ಹೊಸ ಪ್ಯಾಂಟು ಇತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಈ ಬಟ್ಟಿ ಎಲ್ಲೀದ್ರಿ?"

"ಅಹಮದಾಬಾದ್."

"ಗುಂಡಿ?"

"ದಿಲ್ಲೀವು."

"ಹೊಲಿಗಿ?"

"ನಮ್ಮ ಯೂನಿಟ್ಟಿನಾಗ."

"ಮತ್ತ ಅಂಗಡಿಯಾಗ ಮಾರುವಾಗ ಹಿಂದ ಇಟಲಿ ಅಂತ ಇರ್ತೈತಲ್ರಿ?"

"ಅದಾ? ಆ ಪಟ್ಟಿ ಹಚ್ಚಾಕ ಡಿ. ಹಿರೇಹಾಳಿಂದ ಒಬ್ಬಾಕಿ ಬರ್ತಾಳ್ರಿ. ಇವತ್ತು ಆಕಿಗೆ ಬಸ್ಸು ತಪ್ಪೈತಿ. ಅದಕ್ಕ ಇವತ್ತಿನ ಮಾಲೆಲ್ಲ ಇನ್ನೂ ರಾಯದುರ್ಗದ್ದೇ ಐತ್ರಿ."

ಹೊಂದಿಕೊಳ್ಳದ ಬಲ್ಬು

ಕಣೇಕಲ್ಲಿನಿಂದ ಒಬ್ಬ ಅಜ್ಜಿ ಸಂತೆಗೆ ಬಂದವಳು ಬಲ್ಬು ಕೇಳಿದಳು. ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಯಪ್ಪಾ, ಇದು ಯಾವ ದೇಶದ್ದು?" ಅಂದಳು.

"ಚೀನಾ, ಅಜ್ಜಿ."

"ಬ್ಯಾಡಪ್ಪ. ಅಲ್ಲಿ ಕರೆಂಟು ಹೋಗಂಗೇ ಇಲ್ಲಂತ. ನಮ್ಮ ಕಡಿ ತಾಸಿಗೊಂದ್ಸಲ ಹೋಗಿ ಬರ್ತೈತಿ. ಪಾಪ, ಇದಕ್ಕ ರೂಢಿ ಇಲ್ಲ, ತಡಕಂತೈತಾ?"

ನಾನು ಡಬ್ಬಿ ಓದಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಪೂರ್ತಿ ಚೀನಾ ಅಲ್ಲಜ್ಜಿ. ಒಳಗಿನ ಸಾಮಾನು ಅಲ್ಲೀದು, ಜೋಡಿಸಿದ್ದು ನಮ್ಮ ದೇಶದಾಗ."

ಅಜ್ಜಿಯ ಮುಖ ಅರಳಿತು. "ಹಂಗಂದ್ರ ತವರು ಅಲ್ಲಿ, ಗಂಡನ ಮನಿ ಇಲ್ಲಿ ಅನ್ನು! ಮತ್ತ ಅದನ್ನ ಮೊದಲೇ ಹೇಳಬಾರದಾ? ಸೊಸಿ ಆಗಿ ಬಂದ ಮ್ಯಾಲ ಹೊಂದಿಕೊಂಡು ಹೋಗ್ತೈತಿ ಬಿಡು."

ಇಪ್ಪತ್ತು ವರ್ಷದಿಂದ ಈ ಧಂದೆಯಲ್ಲಿದ್ದೀನಿ, ಒಂದು ಸಾಮಾನು ಯಾವ ದೇಶದ್ದು ಅನ್ನೋದನ್ನ ಇಷ್ಟು ಸಲೀಸಾಗಿ ನನಗೆ ಯಾರೂ ತಿಳಿಸಿರಲಿಲ್ಲ. ಅಜ್ಜಿಯನ್ನ ಕೈಮುಗಿದು ಕಳಿಸಿದೆ.

ಮುಂದಿನ ಸಂತೆಗೆ ಅಜ್ಜಿ ಮತ್ತೆ ಬಂದಳು. ಸುಟ್ಟ ಬಲ್ಬನ್ನ ಮೇಜಿನ ಮೇಲೆ ಮೆತ್ತಗೆ ಇಟ್ಟಳು.

"ಹೊಂದಲಿಲ್ಲಪ್ಪ. ತವರಿಗೆ ಕಳಿಸಿಬಿಡು."

ಸಾಹೇಬರ ಮೂಲ

ಒಂದು ಸಲ, ಆಫೀಸರು ಚೆಕಿಂಗಿಗೆ ಬರ್ತಾರೆ, ಡಬ್ಬಿಗಳ ಮೇಲೆ ದೇಶದ ಹೆಸರು ಇಲ್ಲದಿದ್ದರೆ ಕೇಸು ಅಂತ ಸುದ್ದಿ ಬಂತು. ಡಬ್ಬಿ ಹರಿದುಹೋದ ಸಾಮಾನೆಲ್ಲ ಹೆಂಡತಿ ಮುಂದೆ ಗುಡ್ಡೆ ಹಾಕಿ, ಒಂದೊಂದಕ್ಕೂ ದೇಶ ಹೇಳಿದೆ. ಅವಳು ಚೀಟಿ ಬರೆದು ಅಂಟಿಸಿದಳು.

ಮರುದಿನ ಸಾಹೇಬರು ಬಂದರು. ನಮ್ಮೂರು ಇರೋದು ಆಂಧ್ರದಲ್ಲಿ ನೋಡಿ, ಬರೀ ತೆಲುಗು. "ಇದಿ ಏ ದೇಶಂ? ಎಕ್ಕಡ ರಾಶಾರು?" ಅಂತ ಒಂದೊಂದು ಪ್ಲಗ್ಗೂ ಎತ್ತಿ, ಎಲ್ಲಿ ಬರೆದಿದೆ ತೋರಿಸು ಅನ್ನೋರು. ನಗು ಅನ್ನೋದು ಅವರ ಇಲಾಖೆಯಲ್ಲೇ ಇರಲಿಲ್ಲ ಅನಿಸುತ್ತೆ. ನೋಡ್ತಾ ನೋಡ್ತಾ ಮೂಲೆಯಲ್ಲಿದ್ದ ನನ್ನ ಊಟದ ಕ್ಯಾರಿಯರ್ ಎತ್ತಿದರು. ಅದಕ್ಕೂ ಚೀಟಿ! ಹೆಂಡತಿ ತಮಾಷೆಗೆ ಅಂಟಿಸಿದ್ದಳು: "ತಯಾರಾದ ದೇಶ: ಮಡಕಶಿರಾ."

ಸಾಹೇಬರು ಚೀಟಿ ಓದಿದರು. ಮುಚ್ಚಳ ತೆಗೆದರು. ಒಳಗೆ ರಾಗಿಮುದ್ದೆ, ಬಸ್ಸಾರು. ಬಗ್ಗಿ ವಾಸನೆ ನೋಡಿದರು. ಆಮೇಲೆ ಅಪ್ಪಟ ಕನ್ನಡದಲ್ಲಿ, "ಯಪ್ಪೋ, ಬಸ್ಸಾರು ಕಣ್ರಿ! ನಮ್ಮವ್ವ ಇದೇ ಥರ ಮಾಡ್ತಾ ಇದ್ಲು," ಅಂದರು. ಕಣ್ಣಲ್ಲಿ ನೀರು.

"ಸಾರ್, ತಾವು ಮಡಕಶಿರಾ ಕಡೆಯವರಾ?"

"ಪಕ್ಕದ ಹಳ್ಳಿ ಕಣ್ರಿ," ಅಂತ ಸ್ಟೂಲ್ ಎಳೆದುಕೊಂಡು ಕೂತರು.

ಚೆಕಿಂಗ್ ಚೆನ್ನಾಗಾಯಿತು. ಸಾಮಾನೆಲ್ಲ ಪಾಸು, ಸಾಹೇಬರ ತವರೂ ಪತ್ತೆ. ನಾನೊಬ್ಬ ಉಪವಾಸ.

ಜಪಾನ್ ಗಾಳಿ

ಈಗ ಮಾವನ ವಿಷಯಕ್ಕೆ ಬರ್ತೀನಿ. ಮಾವ ರಿಟೈರ್ಡ್ ಬಸ್ ಕಂಡಕ್ಟರು. ಅವರ ಮನೆಯಲ್ಲಿ ಒಂದು ಹಸಿರು ಟೇಬಲ್ ಫ್ಯಾನು. ಹಡಗಿನಿಂದ ಇಳಿದ ಜಪಾನ್ ಮಾಲು ಅಂತ ನಲವತ್ತು ವರ್ಷದಿಂದ ಹೆಸರುವಾಸಿ. ಆ ಮನೆಯ ವಿಳಾಸವೇ "ಜಪಾನ್ ಫ್ಯಾನ್ ಮನೆ." ಆ ಬೀದೀಲಿ ಯಾರ ಮನೆಗೆ ಹೆಣ್ಣು ನೋಡೋಕೆ ಬಂದರೂ ಗಂಡಿನವರ ಎದುರಿಗೆ ಆ ಫ್ಯಾನೇ ಇಡಬೇಕು. ಜಪಾನ್ ಗಾಳಿ ಬಿದ್ದರೆ ಸಂಬಂಧ ಕೂಡುತ್ತೆ ಅಂತ ನಂಬಿಕೆ. ನಾನೂ ಅದೇ ಗಾಳಿಗೆ ಕೂತು ಹ್ಞೂಂ ಅಂದವನೇ.

ಹೋದ ವರ್ಷ ನಾನು ಅಲ್ಲಿದ್ದಾಗಲೇ ಪಕ್ಕದ ಮನೆಯವರು ಫ್ಯಾನ್ ಎತ್ತಿಕೊಂಡು ಓಡಿ ಬಂದರು. ಹಿಂದೆ ಅರ್ಧ ಬೀದಿ. "ಇಂಜಿನಿಯರ್ರೇ, ನಿಂತೋಯ್ತು! ಗಂಡಿನೋರು ಬಳ್ಳಾರಿಯಿಂದ ಹೊರಟವ್ರೆ, ಇನ್ನೇನು ಬಂದ್ಬಿಡ್ತಾರೆ!" ಆ ಬೀದೀಲಿ ನನ್ನನ್ನ ಎಲ್ಲರೂ ಇಂಜಿನಿಯರ್ ಅಂತಾರೆ. ರಿಪೇರಿಯವನಿಗೆ ಕೊಡೋ ಮರ್ಯಾದೆ ಅಂದುಕೊಂಡಿದ್ದೆ.

ನಾನು ಸ್ಕ್ರೂಡ್ರೈವರ್ ತೆಗೆದೆ. ಮಾವ ಅಡ್ಡ ಬಂದರು. "ಬಿಚ್ಚೋದೇನೂ ಬ್ಯಾಡ ಅಳಿಯಂದ್ರೆ. ಎರಡು ತೊಟ್ಟು ಎಣ್ಣೆ ಬಿಟ್ರೆ ತಿರುಗ್ತದೆ."

"ಬಿಚ್ಚದೆ ಗೊತ್ತಾಗಲ್ಲ ಮಾವ," ಅಂತ ಹಿಂದಿನ ಮುಚ್ಚಳ ತೆಗೆದೇಬಿಟ್ಟೆ.

ಒಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಹೊಯ್ದಿತ್ತು: ಕಲ್ಕತ್ತಾ. ಹೊರಗಿನ 'ಜಪಾನ್' ಯಾರೋ ಪೇಂಟರು ಬರೆದದ್ದು.

"ಹೆಂಗದೆ ಇಂಜಿನಿಯರ್ರೇ, ಜಪಾನ್ ಒಳಗೆ?" ಅಂತ ಎಲ್ಲರೂ ಬಗ್ಗಿದರು. ನಾನು ಕೈಯಲ್ಲಿ ಅಕ್ಷರ ಮುಚ್ಚಿದೆ. ಬಾಯಿ ಆಗಲೇ 'ಕ' ಅನ್ನೋಕೆ ತೆರೆದಿತ್ತು. ಮಾವನ ಮುಖ ನೋಡಿದೆ. ನಲವತ್ತು ವರ್ಷ ಬಸ್ಸಿನಲ್ಲಿ ಜನರನ್ನ ಗದರಿಸಿದ ಮನುಷ್ಯ ಟಿಕೆಟ್ ಇಲ್ಲದ ಪ್ಯಾಸೆಂಜರಿನ ಹಾಗೆ ನಿಂತಿದ್ದರು.

"ಅಪ್ಪಟ ಜಪಾನ್," ಅಂದೆ. ಜೀವನದಲ್ಲಿ ಅದೇ ಮೊದಲನೇ ಸಲ ಸುಳ್ಳು ಹೇಳಿದ್ದು.

ಚೀಲದಲ್ಲಿದ್ದ ಒಂದು ಚೀನಾ ಕಂಡೆನ್ಸರ್ ಹಾಕಿದೆ. ಕಲ್ಕತ್ತಾ ಫ್ಯಾನು ಜಪಾನ್ ಗಾಳಿ ಬೀಸಿತು. ಸಂಬಂಧ ಕೂಡಿತು.

ಎಲ್ಲ ಮುಗಿದ ಮೇಲೆ ಅತ್ತೆ ಕಾಫಿ ಕೊಡ್ತಾ ಪಿಸುಗುಟ್ಟಿದರು. "ಒಳಗೆ ಕಲ್ಕತ್ತಾ ಅಂತ ಅದೆ ಅಲ್ವಾ ಅಳಿಯಂದ್ರೆ?"

ನಾನು ಲೋಟ ಕೆಳಗಿಟ್ಟೆ. "ನಿಮಗೆ ಗೊತ್ತಾ ಅತ್ತೆ?"

"ಫ್ಯಾನು ಮನೆಗೆ ಬಂದ ವರ್ಷವೇ ಧೂಳು ಒರೆಸೋಕೆ ಬಿಚ್ಚಿದ್ದೆ. ಅಕ್ಷರ ಕೂಡಿಸಿ ಓದ್ಕೊಂಡೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ನಾನು ಹತ್ತನೇ ಕ್ಲಾಸ್ ಪಾಸು ಅಂತ ಹೇಳಿ ನಮ್ಮಪ್ಪ ಇವ್ರಿಗೆ ಕೊಟ್ಟಿದ್ದು. ನಾನು ಓದಿದ್ದು ಆರನೇದು." ಸೆರಗಲ್ಲಿ ನಗು ಮುಚ್ಚಿಕೊಂಡರು. "ನೀವೂ ಅಷ್ಟೇ. ಮದುವೆ ಟೈಮಲ್ಲಿ ನಿಮ್ಮನ್ನ ಬಳ್ಳಾರಿ ಕರೆಂಟ್ ಆಫೀಸಿನ ಇಂಜಿನಿಯರ್ ಅಂತ ಬೀದಿಗೆಲ್ಲ ಹೇಳಿದೀವಿ. ನಿಮ್ಮ ಮುಚ್ಚಳಾನೂ ಯಾರೂ ತೆಗೆಯೋದು ಬ್ಯಾಡ."

ಹೆಂಡತಿ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಗ್ತಿದ್ದಳು. ಬಾಯಿ ಹೊಲ್ಕೊಂಡು ಬನ್ನಿ ಅಂದದ್ದು ಯಾಕೆ ಅಂತ ಆಗ ತಿಳೀತು.

ಅಷ್ಟರಲ್ಲಿ ಪಕ್ಕದ ಮನೆಯವರು ಸ್ವೀಟು ತಂದರು. "ಮಗಳು ಬಳ್ಳಾರಿಗೇ ಸೇರಿದ್ಲು ಇಂಜಿನಿಯರ್ರೇ. ಒಂದ್ಸಲ ನಿಮ್ಮ ಆಫೀಸಿಗೂ ಬತ್ತೀನಿ. ಎಲ್ಲಿ ಬತ್ತದೆ ಅದು?"

ನನಗಿದ್ದ ಆಫೀಸು ಅಂದರೆ ರಾಯದುರ್ಗದ ಕೋಟೆ ಬುಡದ ಆ ತಗಡಿನ ಶೀಟು ಒಂದೇ. ನಾನು ತೊದಲೋದಕ್ಕೆ ಮೊದಲೇ ಫ್ಯಾನಿನ ಮುಂದೆ ಕಾಲು ಚಾಚಿ ಕೂತಿದ್ದ ಮಾವ ಗಂಭೀರವಾಗಿ ಹೇಳಿದರು:

"ಕೋಟೆ ಪಕ್ಕದಲ್ಲೇ ಕಣಪ್ಪ. ಎರಡನೇ ಮಹಡಿ."